ಕೋಲಂ ಭತ್ತದ ಸೀಮೆಗೆ ಟೈರಿನ ಮಸಿ

ಮುಂಬೈಯಿಂದ ಭಿವಂಡಿ ದಾಟಿ ಮನೋರ್ ಕಡೆ ಹೊರಟರೆ ದಾರಿಯಲ್ಲಿ ವಾಡಾ ಸಿಗುತ್ತದೆ. 2014ರಲ್ಲಿ ಠಾಣೆ ಜಿಲ್ಲೆಯಿಂದ ಬೇರ್ಪಟ್ಟ ಪಾಲ್ಘರ್ ಜಿಲ್ಲೆಯ ತಾಲ್ಲೂಕು ಕೇಂದ್ರ ಇದು. ವೈತರಣಾ ನದಿ, ಸುತ್ತಲೂ ಗುಡ್ಡ, ಮಳೆಗಾಲದಲ್ಲಿ ಹಸಿರು ತುಂಬಿದ ಭತ್ತದ ಗದ್ದೆಗಳು. ಇಲ್ಲಿನ ಸಣ್ಣಕ್ಕಿ ‘ವಾಡಾ ಕೋಲಂ’ ಮುಂಬೈಯ ಕಿರಾಣಿ ಅಂಗಡಿಗಳಲ್ಲಿ ಹೆಸರುವಾಸಿ. 2021ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಮುಂಬೈ ಕನ್ನಡಿಗರಿಗೆ ಈ ಸೀಮೆಯೊಡನೆ ಇನ್ನೊಂದು ನಂಟೂ ಇದೆ. ಆ ಮಹಾನಗರದ ನಲ್ಲಿಗಳಿಗೆ ನೀರು ಕೊಡುವ ಮೋಡಕ್ ಸಾಗರ ಜಲಾಶಯ ಕಟ್ಟಿರುವುದು ಇದೇ ವೈತರಣೆಗೆ.

ವಾರ್ಲಿ, ಕಾತ್ಕರಿ, ಮಲ್ಹಾರ್ ಕೋಳಿ ಮುಂತಾದ ಆದಿವಾಸಿಗಳ ಊರುಗಳು ಇಲ್ಲಿ ಹೆಚ್ಚು. ಆ ಊರುಗಳ ಅಂಚಿನಲ್ಲಿ ಈಗ ತಗಡಿನ ಶೆಡ್ಡುಗಳು, ಚಿಮಣಿಗಳು, ಹಳೆಯ ಟೈರುಗಳ ರಾಶಿಗಳು ಎದ್ದಿವೆ. ಕಾಗದದ ಮೇಲೆ ಇವುಗಳ ಕಸುಬು ‘ಮರುಬಳಕೆ’. ನಡೆಯುವುದು ಪೈರಾಲಿಸಿಸ್, ಅಂದರೆ ಗಾಳಿಯಾಡದ ಉಕ್ಕಿನ ಡ್ರಮ್ಮಿನಲ್ಲಿ ಟೈರನ್ನು ಬೇಯಿಸುವುದು.

ಕೆಲಸ ಹೇಗೆ ನಡೆಯುತ್ತದೆಂದು ತಿಳಿದರೆ ಊರವರ ಆತಂಕ ಅರ್ಥವಾಗುತ್ತದೆ. ಡ್ರಮ್ಮಿಗೆ ಟೈರು ತುಂಬಿ, ಬಾಗಿಲು ಬಿಗಿದು, ಕೆಳಗೆ ಬೆಂಕಿ ಹಾಕುತ್ತಾರೆ. ಶಾಖ 400ರಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ರಬ್ಬರು ಒಡೆದು ಆವಿಯಾಗುತ್ತದೆ. ಆವಿ ತಣಿದರೆ ಕಪ್ಪು ಎಣ್ಣೆ. ಕುಲುಮೆ, ಬಾಯ್ಲರುಗಳಿಗೆ ಅದು ಅಗ್ಗದ ಉರುವಲು. ತಣಿಯದೆ ಉಳಿದ ಅನಿಲ ಹೊತ್ತಿಕೊಳ್ಳುವಂಥದ್ದು. ಡ್ರಮ್ಮಿನ ತಳದಲ್ಲಿ ಟೈರಿನೊಳಗಿನ ತಂತಿಯೂ ಕಾಡಿಗೆಯಷ್ಟು ನುಣುಪಾದ ಕಾರ್ಬನ್ ಪುಡಿಯೂ ಉಳಿಯುತ್ತವೆ. ಒಂದು ಬಾರಿಗೆ ಇಷ್ಟೆಂದು ತುಂಬಿ ಬೇಯಿಸುವ ಘಟಕದಲ್ಲಿ ಡ್ರಮ್ಮು ಪೂರ್ತಿ ತಣಿಯಲು ಗಂಟೆಗಟ್ಟಲೆ ಕಾಯಬೇಕು. ಅವಸರಕ್ಕೆ ಬಿಸಿಯಿರುವಾಗಲೇ ಬಾಗಿಲು ತೆಗೆದರೆ, ಒಳಗುಳಿದ ಅನಿಲಕ್ಕೆ ಗಾಳಿ ಸೋಕಿ ಸ್ಫೋಟವಾಗಬಹುದು. ಪುಡಿಯನ್ನು ಮುಚ್ಚಿದ ಕೊಳವೆಯಲ್ಲೇ ಸಾಗಿಸಿ ಚೀಲಕ್ಕೆ ತುಂಬಬೇಕು. ಸಲಿಕೆಯಲ್ಲಿ ಬಾಚಿ ತುಂಬಿದರೆ ಅದು ಮೊದಲು ಕೂಲಿಯವರ ಮೂಗಿಗೆ, ಆಮೇಲೆ ಗಾಳಿ ಬೀಸಿದ ಕಡೆಗೆ. ಎಲೆಯ ಮೇಲೆ, ತೊರೆಯ ನೀರಿನ ಮೇಲೆ ಕೂರುವ ಮಸಿ ಇದೇ.

2025ರ ಜನವರಿಯಲ್ಲಿ ವಾಡಾದ ಇಂಥದೊಂದು ಘಟಕ ಸ್ಫೋಟಿಸಿತು. ಇಬ್ಬರು ಹೆಂಗಸರು, ಇಬ್ಬರು ಮಕ್ಕಳು ಸತ್ತರು. ಟೈರು ಬೇಯಿಸುವ ಡ್ರಮ್ಮಿನ ಹತ್ತಿರ ಮಕ್ಕಳು ಏಕಿದ್ದರು? ಈ ಪ್ರಶ್ನೆಯನ್ನು ದಾಟಿ ಮುಂದೆ ಹೋಗಲು ನನಗೆ ಸುಲಭವಾಗುತ್ತಿಲ್ಲ. ಸ್ಥಳೀಯ ಆಡಳಿತ ಆಮೇಲೆ ಏಳು ಘಟಕಗಳನ್ನು ಮುಚ್ಚಿಸಿತು.

ಸ್ಫೋಟಿಸಿದ ಘಟಕಕ್ಕೆ ಬರುತ್ತಿದ್ದುದು ಯುರೋಪಿನ ಟೈರು. ಅದೇ ವರ್ಷದ ಮಾರ್ಚ್‌ನಲ್ಲಿ ಬಿಬಿಸಿ ಒಂದು ತನಿಖಾ ವರದಿ ಪ್ರಕಟಿಸಿತು. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 5 ಕೋಟಿ ಟೈರುಗಳು ಸವೆದು ಮೂಲೆ ಸೇರುತ್ತವೆ, ಮರುಬಳಕೆಯ ಹೆಸರಿನಲ್ಲಿ ಭಾರತಕ್ಕೆ ಬರುವ ಟೈರುಗಳಲ್ಲಿ ಬಹುಪಾಲು ಇಂಥ ಡ್ರಮ್ಮುಗಳ ಪಾಲಾಗುತ್ತದೆ ಎಂಬುದು ಅದರ ಸಾರ. ವಾಡಾದ ಹಳ್ಳಿಗಳವರು ಆ ವರದಿಗಾರರ ಮುಂದೆ ನಿಲ್ಲದ ಕೆಮ್ಮು, ಕಣ್ಣಿನ ತೊಂದರೆಗಳನ್ನು ಹೇಳಿಕೊಂಡರು. ಈ ಕಾರ್ಖಾನೆಗಳನ್ನು ಊರಿಂದ ಆಚೆ ಕಳಿಸಿ ಎಂಬುದೇ ಅವರ ಬೇಡಿಕೆ.

ಕಾನೂನು ಇಲ್ಲವೆಂದಲ್ಲ. ಪೈರಾಲಿಸಿಸ್‌ಗಾಗಿ ಹಳೆಯ ಟೈರು ಆಮದು ಮಾಡಿಕೊಳ್ಳುವುದನ್ನು 2022ರ ಜುಲೈನ ಕೇಂದ್ರ ನಿಯಮಗಳು ನಿಷೇಧಿಸಿವೆ. ಅದಕ್ಕೂ ಮೊದಲು, 2019ರಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದ ಲೆಕ್ಕ ಹೀಗಿತ್ತು: 19 ರಾಜ್ಯಗಳಲ್ಲಿ 637 ಘಟಕಗಳು, ನಿಯಮ ಪಾಲಿಸುತ್ತಿದ್ದವು 251, ಪಾಲಿಸದವು 270, ಮುಚ್ಚಿದ್ದವು 116. ಪಾಲಿಸುವವರಿಗಿಂತ ಪಾಲಿಸದವರೇ ಹೆಚ್ಚು. ವಾಡಾ, ಆದಿವಾಸಿ ಪ್ರದೇಶಗಳಿಗೆ ರಕ್ಷಣೆ ಕೊಡುವ ಸಂವಿಧಾನದ 5ನೇ ಅನುಸೂಚಿಗೆ ಸೇರಿದ ಸೀಮೆ. ಗ್ರಾಮಸಭೆಯ ಮಾತಿಗೆ ತೂಕ ಕೊಡುವ 1996ರ ಪೆಸಾ ಕಾಯ್ದೆಯೂ ಇಲ್ಲಿಗೆ ಅನ್ವಯಿಸುತ್ತದೆ. ಅಂಥ ನೆಲದಲ್ಲೇ ಇಷ್ಟೆಲ್ಲ ನಡೆದಿರುವಾಗ ಬೇರೆ ಹಳ್ಳಿಗಳವರು ಯಾರನ್ನು ನಂಬಬೇಕು?

ಟೈರಿನ ಮರುಬಳಕೆಯೇ ಬೇಡವೆಂದು ಹೇಳುತ್ತಿಲ್ಲ. ರಸ್ತೆಬದಿ ಬಿದ್ದ ಟೈರಿನಲ್ಲಿ ನೀರು ನಿಂತು ಸೊಳ್ಳೆ ಹುಟ್ಟುತ್ತದೆ, ಬೆಂಕಿ ಬಿದ್ದರೆ ದಿನಗಟ್ಟಲೆ ಉರಿಯುತ್ತದೆ. ಟೈರಿಗೆ ಹೊಸ ರಬ್ಬರು ಹಾಕಿ ಮತ್ತೆ ಓಡಿಸಬಹುದು. ಪುಡಿ ಮಾಡಿ ಡಾಂಬರಿಗೆ ಬೆರೆಸಿ ರಸ್ತೆ ಮಾಡಬಹುದು. ಇವೆರಡಕ್ಕೂ ಡ್ರಮ್ಮಿನಲ್ಲಿ ಬೇಯಿಸುವುದಕ್ಕೂ ಅಜಗಜಾಂತರ. ಮೂರನ್ನೂ ಒಂದೇ ಹೆಸರಿನಡಿ ತಂದು ಅನುಮತಿ ಕೇಳುವುದು ತಪ್ಪು, ಕೊಡುವುದು ಇನ್ನೂ ದೊಡ್ಡ ತಪ್ಪು.

ನಾಳೆ ನಮ್ಮ ಪಂಚಾಯಿತಿಗೂ ‘ಟೈರ್ ಮರುಬಳಕೆ ಘಟಕ’ ಎಂಬ ಅರ್ಜಿ ಬರಬಹುದು. ಬಂದರೆ ಗ್ರಾಮಸಭೆಗೆ ಹೋಗಿ. ಪುಡಿ ಮಾಡುತ್ತೀರೋ ಬೇಯಿಸುತ್ತೀರೋ ಎಂದು ಮೊದಲು ಕೇಳಿ. ಬೇಯಿಸುವುದಾದರೆ ಟೈರು ಎಲ್ಲಿಂದ ಬರುತ್ತದೆ, ಅನಿಲ ಎಲ್ಲಿಗೆ ಹೋಗುತ್ತದೆ, ಕಾರ್ಬನ್ ಪುಡಿಯನ್ನು ಯಾರ ಕೈ ತುಂಬುತ್ತದೆ, ಹತ್ತಿರದ ಶಾಲೆ ಮತ್ತು ಬಾವಿ ಎಷ್ಟು ದೂರ ಎಂದು ಕೇಳಿ. ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಬರಬೇಡಿ.