ಬ್ರೋಕರ್ ಚಾಲೂ ಆದರೆ ಕೆಲಸ ಮುಗಿಯಿತೇ?

ಒಂದು ಕಡೆ ಆರ್ಡರ್ ತೆಗೆದುಕೊಳ್ಳುವ ವೆಬ್‌ಸೈಟು, ಇನ್ನೊಂದು ಕಡೆ ದಾಸ್ತಾನಿನ ಲೆಕ್ಕ ಇಡುವ ತಂತ್ರಾಂಶ. ನಡುವೆ ನಿಂತು ಸಂದೇಶಗಳನ್ನು ಕ್ಯೂನಲ್ಲಿ ಹಿಡಿದಿಟ್ಟು ದಾಟಿಸುವುದೇ ಮೆಸೇಜ್ ಬ್ರೋಕರ್. ತಂತ್ರಾಂಶಗಳನ್ನು ಒಂದಕ್ಕೊಂದು ಬೆಸೆಯುವ ಡಬ್ಲ್ಯುಎಸ್‌ಒ2 ತರಹದ ಇಂಟಿಗ್ರೇಷನ್ ಸರ್ವರ್‌ಗೆ ಅಪಾಚೆ ಆಕ್ಟಿವ್‌ಎಂಕ್ಯೂ ಜೋಡಿಸುವುದು ಹಳೆಯ ರೂಢಿ. ಜಾವಾ ಇದ್ದರಾಯಿತು, ಜಿಪ್ ಬಿಚ್ಚಿ ಒಂದು ಕಮಾಂಡ್ ಕೊಟ್ಟರೆ ಬ್ರೋಕರ್ ಎದ್ದು ನಿಲ್ಲುತ್ತದೆ. ಇಷ್ಟು ಸಲೀಸಾಗಿರುವುದೇ ತೊಂದರೆ. ಈಗಲೂ ಬಹಳ ಕಡೆ ಓಡುತ್ತಿರುವ 5.x ಆವೃತ್ತಿಗಳನ್ನೇ ಇಟ್ಟುಕೊಂಡು ಅದರಿಂದ ಹುಟ್ಟುವ ಮೂರು ತಪ್ಪು ನಂಬಿಕೆಗಳನ್ನು ನೋಡೋಣ.

ನಂಬಿಕೆ: ಬ್ರೌಸರಿನಲ್ಲಿ ಕನ್ಸೋಲ್ ತೆರೆಯಿತು, ಅಂದರೆ ಎಲ್ಲ ಜೋಡಣೆಯಾಗಿದೆ.

ಕನ್ಸೋಲ್ ಕೂರುವುದು 8161ನೇ ಪೋರ್ಟಿನಲ್ಲಿ, ಸಂದೇಶಗಳು ಓಡಾಡುವುದು 61616ರಲ್ಲಿ. ಒಂದು ತೆರೆದ ಮಾತ್ರಕ್ಕೆ ಇನ್ನೊಂದರ ಖಾತರಿಯಿಲ್ಲ. ಇಂಟಿಗ್ರೇಷನ್ ಸರ್ವರ್‌ಗೆ ಆಕ್ಟಿವ್‌ಎಂಕ್ಯೂನ ಭಾಷೆ ತಾನಾಗಿ ಬರುವುದಿಲ್ಲ. ಬ್ರೋಕರ್ ಜೊತೆ ಬರುವ ಕ್ಲೈಂಟ್ ಜಾರ್ ಫೈಲುಗಳನ್ನು ಸರ್ವರ್‌ನ ಲಿಬ್ ಫೋಲ್ಡರಿಗೆ ಹಾಕಿ, ಜೆಎಂಎಸ್ (ಜಾವಾದ ಸಂದೇಶ ಇಂಟರ್‌ಫೇಸ್) ಸಂರಚನೆ ಬರೆದು, ಮತ್ತೆ ಚಾಲೂ ಮಾಡಬೇಕು. ಜಾರ್‌ಗಳ ಆವೃತ್ತಿಯೂ ಹೊಂದಬೇಕು: ಆಕ್ಟಿವ್‌ಎಂಕ್ಯೂ 6ರಲ್ಲಿ ಜೆಎಂಎಸ್ ಕ್ಲಾಸುಗಳು ‘ಜಾವಾಎಕ್ಸ್’ ಬಿಟ್ಟು ‘ಜಕಾರ್ತಾ’ ಹೆಸರಿಗೆ ಹೋಗಿವೆ, ಹಳೆಯ ಸರ್ವರ್‌ಗೆ ಅವು ಅಪರಿಚಿತ. ಸರ್ವರ್, ಬ್ರೋಕರ್ ಎರಡೂ ಬೇರೆ ಬೇರೆ ಕಂಟೇನರ್‌ಗಳಲ್ಲಿದ್ದರೆ ವಿಳಾಸದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆಯುವುದೂ ವ್ಯರ್ಥ. ಸರ್ವರ್ ತನ್ನೊಳಗೇ ಬ್ರೋಕರನ್ನು ಹುಡುಕುತ್ತದೆ.

ನಿಜ ಗೊತ್ತಾಗಬೇಕಾದರೆ ಕನ್ಸೋಲಿನ ಕ್ಯೂಗಳ ಪುಟದಲ್ಲಿ ‘ನಂಬರ್ ಆಫ್ ಕನ್ಸ್ಯೂಮರ್ಸ್’ ಕಾಲಂ ನೋಡಿ. ಅಲ್ಲಿ ಸೊನ್ನೆ ಇದ್ದು, ಪಕ್ಕದ ಪೆಂಡಿಂಗ್ ಸಂಖ್ಯೆ ಏರುತ್ತಲೇ ಇದ್ದರೆ ಕ್ಯೂನ ಆ ತುದಿಯಲ್ಲಿ ಕೇಳುವವರೇ ಇಲ್ಲ.

ನಂಬಿಕೆ: ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ದೇವೆ, ಬ್ರೋಕರ್ ಭದ್ರ.

ನನ್ನ ಪ್ರಕಾರ ಇವುಗಳಲ್ಲಿ ಅತಿ ಅಪಾಯಕಾರಿ ನಂಬಿಕೆ ಇದೇ. ಅಡ್ಮಿನ್/ಅಡ್ಮಿನ್ ಎಂಬ ಪ್ರಸಿದ್ಧ ಜೋಡಿ ಕನ್ಸೋಲಿನದ್ದು. ಅದನ್ನು ಬದಲಿಸಬೇಕು, ಸರಿ. ಆದರೆ ಮೂಲ ಸಂರಚನೆಯಲ್ಲಿ 61616ರಲ್ಲಿ ಹೆಸರನ್ನೂ ಕೇಳುವುದಿಲ್ಲ, ಪಾಸ್‌ವರ್ಡನ್ನೂ ಕೇಳುವುದಿಲ್ಲ. 5.16ರಿಂದ ಕನ್ಸೋಲ್ ಬ್ರೋಕರ್ ಇರುವ ಯಂತ್ರದೊಳಗಿಂದ ಮಾತ್ರ ತೆರೆಯುತ್ತದೆ. ಸಂದೇಶದ ಪೋರ್ಟ್ ಮಾತ್ರ ಎಲ್ಲ ದಿಕ್ಕಿಗೂ ಕಿವಿ ತೆರೆದಿರುತ್ತದೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಲೆಕ್ಕ.

ಇದು ಬರೀ ಊಹೆಯ ಭಯವಲ್ಲ. 2023ರ ಅಕ್ಟೋಬರಿನಲ್ಲಿ ಬಯಲಾದ ಸಿವಿಇ-2023-46604 ದೋಷದಲ್ಲಿ, ಓಪನ್‌ವೈರ್ ಪ್ರೋಟೊಕಾಲ್ ಮಾತಾಡುವ ಪೋರ್ಟನ್ನು, ಅಂದರೆ ಇದೇ 61616ನ್ನು, ಮುಟ್ಟಬಲ್ಲ ಯಾರೇ ಆದರೂ ಬ್ರೋಕರ್ ಮೇಲೆ ತಮ್ಮ ಕಮಾಂಡ್ ಓಡಿಸಬಹುದಿತ್ತು. ರ‍್ಯಾನ್ಸಮ್‌ವೇರ್ ದಾಳಿಕೋರರೂ ಅದನ್ನು ಬಳಸಿಕೊಂಡರು. 5.15.16, 5.16.7, 5.17.6, 5.18.3 ಆವೃತ್ತಿಗಳಲ್ಲಿ ತೇಪೆ ಬಿತ್ತು. ಹಾಗಾಗಿ ಹಳೆಯ ಜಿಪ್ ಎಲ್ಲೋ ಉಳಿದಿದೆ ಎಂದು ಅದನ್ನೇ ಬಿಚ್ಚಬೇಡಿ. ಸಂರಚನೆಯ ಎಕ್ಸ್‌ಎಂಎಲ್‌ನಲ್ಲಿ ದೃಢೀಕರಣದ ಪ್ಲಗಿನ್ ಸೇರಿಸಿ. ಫೈರ್‌ವಾಲ್‌ನಲ್ಲಿ 61616ನ್ನು ಇಂಟಿಗ್ರೇಷನ್ ಸರ್ವರ್‌ಗಷ್ಟೇ ಬಿಡಿ. ಎಂಕ್ಯೂಟಿಟಿ, ಸ್ಟಾಂಪ್ ಪ್ರೋಟೊಕಾಲ್‌ಗಳನ್ನು ಬಳಸದಿದ್ದರೆ ಅವುಗಳ ಕನೆಕ್ಟರ್‌ಗಳನ್ನು ಕಿತ್ತುಹಾಕಿ.

ನಂಬಿಕೆ: ಕ್ಯೂಗೆ ಬಿದ್ದ ಸಂದೇಶ ಒಂದೇ ಸಲ, ಖಂಡಿತ ತಲುಪುತ್ತದೆ.

ಸಂದೇಶ ಓದಿ, ಡೇಟಾಬೇಸಿನಲ್ಲಿ ಆರ್ಡರ್ ಬರೆದು, ಬ್ರೋಕರ್‌ಗೆ ‘ಮುಗಿಯಿತು’ ಎನ್ನುವಷ್ಟರಲ್ಲಿ ಸರ್ವರ್ ಕುಸಿದರೆ? ಬ್ರೋಕರ್ ಅದನ್ನು ಮತ್ತೆ ಕಳಿಸುತ್ತದೆ. ಗ್ರಾಹಕರಿಗೆ ಎರಡು ಆರ್ಡರ್. ಆರ್ಡರ್ ಸಂಖ್ಯೆ ಈಗಾಗಲೇ ದಾಖಲಾಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ಸ್ವೀಕರಿಸುವವರದ್ದೇ.

ಸಂದೇಶವೇ ಕೆಟ್ಟಿದ್ದರೆ, ಬೇರೆ ಸಂಖ್ಯೆ ಕೊಡದ ಹೊರತು ಆಕ್ಟಿವ್‌ಎಂಕ್ಯೂ ಕ್ಲೈಂಟ್ 6 ಸಲ ಮರುಪ್ರಯತ್ನ ಮಾಡುತ್ತದೆ. ಆಮೇಲೆ ಸಂದೇಶ ಡಿಎಲ್‌ಕ್ಯೂ ಎಂಬ ಕ್ಯೂಗೆ ಹೋಗಿ ಬೀಳುತ್ತದೆ. ಅದನ್ನು ಓದುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಎಲ್ಲ ಕ್ಯೂಗಳೂ ಹಂಚಿಕೊಳ್ಳುವ ಕಹಾಡಿಬಿ ಸಂಗ್ರಹದಲ್ಲೇ ಅದೂ ಜಾಗ ಹಿಡಿಯುತ್ತದೆ. ಸಂಗ್ರಹ ಮಿತಿ ಮುಟ್ಟಿದ ದಿನ ಬ್ರೋಕರ್ ಹೊಸ ಸಂದೇಶ ಕಳಿಸುವವರನ್ನು ತಡೆಹಿಡಿಯುತ್ತದೆ. ಆಗ ಸರಿಯಾಗಿ ನಡೆಯುತ್ತಿದ್ದ ಕ್ಯೂಗಳೂ ನಿಲ್ಲುತ್ತವೆ.