ಕೇಳಬೇಡ, ಹೇಳಬೇಡ: ಅಮೆರಿಕದ ಸೇನೆ ಮತ್ತು ಸಲಿಂಗಿಗಳು

1975ರಲ್ಲಿ ಅಮೆರಿಕದ ವಾಯುಪಡೆಯ ಸಾರ್ಜೆಂಟ್ ಲೆನರ್ಡ್ ಮ್ಯಾಟ್ಲೊವಿಚ್ ತಾವು ಸಲಿಂಗಿ ಎಂದು ಮೇಲಧಿಕಾರಿಗೆ ಪತ್ರ ಬರೆದುಕೊಟ್ಟರು. ವಿಯೆಟ್ನಾಂನಲ್ಲಿ ಗಾಯಗೊಂಡು ಪದಕ ಪಡೆದಿದ್ದ ಅವರನ್ನು ಅದೇ ವರ್ಷ ಸೇವೆಯಿಂದ ಹೊರಹಾಕಲಾಯಿತು. ಇಬ್ಬರನ್ನು ಕೊಂದದ್ದಕ್ಕೆ ಪದಕ, ಒಬ್ಬನನ್ನು ಪ್ರೀತಿಸಿದ್ದಕ್ಕೆ ವಜಾ ಎಂಬರ್ಥದ ಮಾತು ವಾಷಿಂಗ್ಟನ್ನಿನಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲಿದೆ.

1993ರಲ್ಲಿ ಬಂದ ‘ಕೇಳಬೇಡ, ಹೇಳಬೇಡ’ ನೀತಿ, ಸಲಿಂಗಿಗಳ ಮೇಲಿನ ನಿಷೇಧಕ್ಕೂ ಅವರ ಮುಕ್ತ ಸೇವೆಗೂ ನಡುವಿನ ಒಂದು ರಾಜಿಸೂತ್ರ. ಅಧಿಕಾರಿ ವಿಚಾರಿಸುವಂತಿಲ್ಲ, ಸೈನಿಕ ಬಾಯಿಬಿಡುವಂತಿಲ್ಲ. ಕೇಳಲು ಸೌಮ್ಯವಾದ ಈ ನೀತಿಯಡಿ 13,000ಕ್ಕೂ ಹೆಚ್ಚು ಮಂದಿ ಸೇವೆ ಕಳೆದುಕೊಂಡರು. ಇರಾಕ್ ಯುದ್ಧದ ಹೊತ್ತಿನಲ್ಲಿ ಅರಬ್ಬಿ ಬಲ್ಲ ಭಾಷಾಂತರಕಾರರನ್ನೂ ಮನೆಗೆ ಕಳಿಸಲಾಯಿತು. ಸೇನೆ ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿತೆನ್ನಬೇಕು.

ಸಲಿಂಗಿಗಳು ಮುಕ್ತವಾಗಿ ಸೇವೆಯಲ್ಲಿದ್ದರೆ ಪಡೆಯ ಒಗ್ಗಟ್ಟು ಒಡೆಯುತ್ತದೆ ಎಂಬುದು ವಿರೋಧಿಗಳ ಮುಖ್ಯ ವಾದ. 2000ದಲ್ಲಿ ಸೇನೆಯಲ್ಲಿ ಸಲಿಂಗಿಗಳ ಮೇಲಿದ್ದ ನಿಷೇಧ ತೆಗೆದ ಬ್ರಿಟನ್‌ನಲ್ಲಿ ಅಂಥದ್ದೇನೂ ಆಗಲಿಲ್ಲ. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಖಾಸಗಿ ಸಂಬಂಧವನ್ನು ಅಪರಾಧವಾಗಿಸುವಂತಿಲ್ಲ ಎಂದಿತು. ಮಲಗುವ ಕೋಣೆಯಲ್ಲಿ ಸರ್ಕಾರಕ್ಕೇನು ಕೆಲಸ ಎಂಬ ಪ್ರಶ್ನೆಗೆ ಕಾನೂನಿನ ಬಲ ಬಂತು. ಸೇನೆಯ ನೀತಿ ಕೊನೆಗೊಂಡದ್ದು ಮಾತ್ರ 2011ರ ಸೆಪ್ಟೆಂಬರ್ 20ರಂದು.

ಇತ್ತ ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ಬಿಡಿಸಿತು. ಆದರೆ ನಾಲ್ಕೇ ತಿಂಗಳಲ್ಲಿ, ಆಗಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಸೇನೆಯಲ್ಲಿ ಸಲಿಂಗ ಸಂಬಂಧಕ್ಕೆ ಅವಕಾಶವಿಲ್ಲ ಎಂದರು.