ಕೃಷ್ಣೆಯ ಆಚೆ 21, ಈಚೆ 18

ಮಕ್ತಲ್‌ನಿಂದ ರಾಯಚೂರಿಗೆ ಹೊರಟ ಬಸ್ಸು ಕೃಷ್ಣಾ ಸೇತುವೆ ದಾಟಿದರೆ ತಂಬಾಕಿನ ಕಾನೂನೇ ಬದಲಾಗುತ್ತದೆ. ತೆಲಂಗಾಣದ ನಾರಾಯಣಪೇಟೆ ಕಡೆ 2003ರ ಕೇಂದ್ರ ಕಾಯ್ದೆಯಂತೆ 18 ತುಂಬಿದವರಿಗೆ ಸಿಗರೇಟು ಮಾರಬಹುದು. ಕರ್ನಾಟಕದಲ್ಲಿ 2025ರಿಂದ 21 ತುಂಬಿರಬೇಕು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಈಚೆ ದಂಡ 200 ರೂಪಾಯಿವರೆಗೆ, ಆಚೆ 1,000.

ಹುಕ್ಕಾ ಬಾರ್‌ಗಳನ್ನು ಮಾತ್ರ ಎರಡೂ ರಾಜ್ಯಗಳು 2024ರಲ್ಲಿ ನಿಷೇಧಿಸಿದವು.

ವಯಸ್ಸಿನ ಮಿತಿಯಲ್ಲಿನ ಈ ಮೂರು ವರ್ಷಗಳ ಅಂತರ ಸಣ್ಣದಲ್ಲ. ಚಟ ಹತ್ತುವುದು ಹೆಚ್ಚಾಗಿ ಹದಿಹರೆಯದಲ್ಲೇ. ಹದಿನೆಂಟರ ಗೆಳೆಯ ಕೊಂಡ ಪ್ಯಾಕೆಟ್ಟು ಹದಿನಾರರವನ ಕೈಗೆ ಸುಲಭವಾಗಿ ಸೇರುತ್ತದೆ. ಅಮೆರಿಕ 2019ರಲ್ಲೇ ವಯಸ್ಸನ್ನು 21ಕ್ಕೆ ಏರಿಸಿತು. ಮಾಲ್ಡೀವ್ಸ್ ಇನ್ನೂ ಮುಂದೆ ಹೋಗಿ, 2007ರಿಂದ ಈಚೆಗೆ ಹುಟ್ಟಿದವರಿಗೆ ತಂಬಾಕು ಮಾರುವುದನ್ನೇ 2025ರ ನವೆಂಬರ್‌ನಿಂದ ನಿಲ್ಲಿಸಿದೆ. ತೆಲಂಗಾಣವೂ ತಡಮಾಡದೆ ವಯಸ್ಸು ಏರಿಸಬೇಕು.

ಚಟ ಬಿಡಬೇಕೆನ್ನುವವರಿಗೆ ಎರಡೂ ದಡಗಳಲ್ಲಿ ಒಂದೇ ಉಚಿತ ರಾಷ್ಟ್ರೀಯ ಸಹಾಯವಾಣಿ: 1800-11-2356.